ಅವ್ವನ ನಾಲ್ಕು ಹೆಸರು

ಅವ್ವ ತೀರಿಕೊಂಡ ಮೂರನೆಯ ತಿಂಗಳು ಕೊಯಮತ್ತೂರಿನ ನೋಟರಿಯೊಬ್ಬರ ಮುಂದೆ ಕುಳಿತು ನಾನೊಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಛಾಪಾಕಾಗದದ ಮೇಲೆ ತಮಿಳಿನಲ್ಲಿ ಟೈಪು ಮಾಡಿಸಿದ್ದ ಆ ಒಕ್ಕಣೆಯ ಸಾರ ಇಷ್ಟೆ: ಸೌಡಮ್ಮಾಳ್, ಸೌಂಡಮ್ಮಾಳ್, ಸೌಂದರಮ್ಮಾಳ್ ಹಾಗೂ ಚೌಡಮ್ಮ ಎಂಬ ನಾಲ್ಕು ಹೆಸರುಗಳೂ ಒಬ್ಬಳೇ ಹೆಂಗಸಿನವು, ಆಕೆ ನನ್ನನ್ನು ಹೆತ್ತ ತಾಯಿ.

ನೋಟರಿಯವರು ಕಾಗದಗಳನ್ನು ಒಂದೊಂದಾಗಿ ತಾಳೆ ನೋಡಿದರು. ನೇಕಾರರ ಸಹಕಾರ ಸಂಘದ ಪುಸ್ತಕದಲ್ಲಿ ಸೌಡಮ್ಮಾಳ್. ಪಡಿತರ ಚೀಟಿಯಲ್ಲಿ ಸೌಂಡಮ್ಮಾಳ್. ಮನೆ ನಿವೇಶನದ ಕ್ರಯಪತ್ರದಲ್ಲಿ ಸೌಂದರಮ್ಮಾಳ್. ಆಮೇಲೆ ಕನ್ನಡಕ ತೆಗೆದು ಕೇಳಿದರು:

“ಈ ನಾಲ್ಕನೆಯದು ಯಾವ ದಾಖಲೆಯಲ್ಲಿದೆ?”

“ಯಾವುದರಲ್ಲೂ ಇಲ್ಲ, ಸಾರ್.”

“ಮತ್ತೆ ಯಾಕೆ ಸೇರಿಸಿದಿರಿ?”

“ಅದು ಅವಳ ಹೆಸರು.”

ಅವರು ನಕ್ಕು ಮುದ್ರೆ ಒತ್ತಿದರು. ನನಗೆ ನಗು ಬರಲಿಲ್ಲ. ಮೊದಲೆರಡು ಹೆಸರುಗಳನ್ನು ಬರೆದವರು ಬರೆಯುವ ಕೆಲಸದವರು. ಅವರ ಕಿವಿಗೆ ಕೇಳಿದ್ದನ್ನು ಅವರ ಅಕ್ಷರದಲ್ಲಿ ಬರೆದರು. ಮೂರನೆಯದನ್ನು ಬರೆಸಿದವನು ನಾನು.

ನಾವು ದೇವಾಂಗದವರು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಊರೂರುಗಳಲ್ಲಿ ಮಗ್ಗ ಹೂಡಿಕೊಂಡು ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆಮಾತಿನವರು. ಸಿರುಮುಗೈ, ನೆಗಮಂ ಮೊದಲಾದ ನೇಯ್ಗೆಯ ಊರುಗಳಲ್ಲಿ ಈಗಲೂ ನಮ್ಮವರ ಮನೆಗಳಿವೆ. ನಮ್ಮಂತೆಯೇ ಕನ್ನಡ ಆಡುವ ಒಕ್ಕಲಿಗರೂ ಕುರುಬರೂ ಈ ಸೀಮೆಯಲ್ಲಿದ್ದಾರೆ. ಅಡಿಗೆಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಇದು ನಮ್ಮ ಬದುಕು. ಆದರೆ ಅಡಿಗೆಮನೆಯ ಕನ್ನಡಕ್ಕೆ ಅಕ್ಷರವಿಲ್ಲ. ಹೆಚ್ಚಿನವರಿಗೆ ಆಡಲು ಬರುತ್ತದೆ, ಓದಲು ಬಾರದು.

ನನಗೆ ಅಕ್ಷರ ಸಿಕ್ಕಿದ್ದು ಸೋದರತ್ತೆಯಿಂದ. ಆಕೆಯನ್ನು ಕೊಳ್ಳೇಗಾಲಕ್ಕೆ ಕೊಟ್ಟಿತ್ತು. ಮದುವೆಯಾದಾಗ ಅದು ನಮ್ಮ ಕೊಯಮತ್ತೂರು ಜಿಲ್ಲೆಯದೇ ಒಂದು ತಾಲ್ಲೂಕು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಅತ್ತೆ ಮನೆ ಬದಲಿಸದೆಯೇ ರಾಜ್ಯ ಬದಲಿಸಿದಳು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಈ ವಾರ್ಷಿಕದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ನೀವೂ ನಾವೂ ಮದರಾಸು ಎಂಬ ಒಂದೇ ಮಾಡಿನ ಕೆಳಗಿದ್ದವರು. ಬೇಸಿಗೆ ರಜೆಯಲ್ಲಿ ಕೊಳ್ಳೇಗಾಲಕ್ಕೆ ಹೋದಾಗ ಅತ್ತೆಯ ಮಕ್ಕಳ ಸ್ಲೇಟಿನಲ್ಲಿ ನಾನು ಕನ್ನಡ ತಿದ್ದಿದೆ. ಊರಿಗೆ ಮರಳಿ ಮೊದಲು ಬರೆದ ಮಾತು ‘ಚೌಡಮ್ಮ’. ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಅವ್ವನಿಗೆ ತೋರಿಸಿದೆ. ಕಂಡಿಕೆ ಸುತ್ತುತ್ತಿದ್ದವಳು ಎದ್ದು ಬಂದು ನೋಡಿ, “ಇಷ್ಟುದ್ದ ಐತಾ ನನ್ ಹೆಸ್ರು?” ಎಂದಳು.

ಆ ಹೆಸರು ನಮ್ಮ ಕುಲದೇವತೆಯದು. ಕೊಯಮತ್ತೂರಿನ ರಾಜವೀದಿಯಲ್ಲಿ ಚೌಡೇಶ್ವರಿಯ ಗುಡಿಯಿದೆ. ವಿಜಯದಶಮಿಯ ದಿನ ನಮ್ಮ ಗಂಡಸರು ಮೆರವಣಿಗೆಯ ಮುಂದೆ ಕತ್ತಿಯಿಂದ ತಮ್ಮ ಎದೆ, ತೋಳುಗಳ ಮೇಲೆ ಹೊಡೆದುಕೊಳ್ಳುತ್ತ ದೇವಿಯನ್ನು ಕರೆಯುವುದನ್ನು ನೋಡಲು ಊರೇ ಸೇರುತ್ತದೆ. ಗಾಯಕ್ಕೆ ಅರಿಸಿನದ ಪುಡಿ ಹಚ್ಚುತ್ತಾರೆ. ನಮ್ಮ ಹಿರಿಯರು ಹೇಳುವ ಕಥೆ ಹೀಗೆ: ಲೋಕಕ್ಕೆ ಬಟ್ಟೆ ನೇಯಲು ಹುಟ್ಟಿದ ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದಿಂದ ನೂಲು ಪಡೆದು ಬರುತ್ತಿದ್ದಾಗ ರಾಕ್ಷಸರು ಅಡ್ಡಗಟ್ಟಿದರು. ಆತ ಮೊರೆಯಿಟ್ಟಾಗ ದೇವಿ ತಲೆಯ ಮೇಲೆ ಝಗಝಗಿಸುವ ಕಿರೀಟ ಧರಿಸಿ ಬಂದು ಅವರನ್ನು ಕೊಂದಳು. ಆ ರಕ್ತದಲ್ಲಿ ಅದ್ದಿಯೇ ನೂಲಿಗೆ ಬಣ್ಣಗಳು ಬಂದವು. ಚೂಡ ಎಂದರೆ ತಲೆಯ ತುದಿಯ ಆಭರಣ. ಚೂಡ ಧರಿಸಿದ ಈಶ್ವರಿ ಚೌಡೇಶ್ವರಿ. ಹುಟ್ಟಿದ ಹೆಣ್ಣುಮಗುವಿಗೆ ಅಜ್ಜಿಯ ಹೆಸರು, ಅಜ್ಜಿಗೆ ದೇವಿಯ ಹೆಸರು. ಹೀಗಾಗಿ ಒಂದು ಕಾಲಕ್ಕೆ ನಮ್ಮ ಬೀದಿಯಲ್ಲಿ ನಿಂತು ‘ಚೌಡಮ್ಮಾ’ ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತಿದ್ದವು.

ಈ ಹೆಸರು ಬಾಗಿಲು ದಾಟಿ ಬೀದಿಗೆ ಬಂದರೆ ಅದರ ಪಾಡು ಬೇರೆ. ತಮಿಳಿನಲ್ಲಿ ನಮ್ಮ ಚಕಾರಕ್ಕಿರುವ ಅಕ್ಷರವನ್ನು ಪದದ ಮೊದಲಲ್ಲಿ ಸಾಮಾನ್ಯವಾಗಿ ಸಕಾರವಾಗಿಯೇ ಓದುತ್ತಾರೆ. ಹೆಂಗಸಿನ ಹೆಸರಿಗೆ ಗೌರವದ ‘ಆಳ್’ ಸೇರುತ್ತದೆ. ಚೌಡಮ್ಮ ಸೌಡಮ್ಮಾಳ್ ಆದದ್ದು ಹೀಗೆ. ಇನ್ನು ಕೆಲವರ ಬಾಯಲ್ಲಿ ನಡುವೆ ಒಂದು ಸೊನ್ನೆಯೂ ಸೇರಿ ಸೌಂಡಮ್ಮಾಳ್ ಆಗುತ್ತಿತ್ತು. ದೇವಿಯನ್ನೂ ಅವರು ಸೌಂಡಮ್ಮನ್ ಎಂದೇ ಕರೆಯುವುದುಂಟು.

ಆ ಸೊನ್ನೆಯೇ ನನಗೆ ಮುಳುವಾಯಿತು. ಶಾಲೆಯಲ್ಲಿ ಇಂಗ್ಲಿಷ್ ಶುರುವಾದ ವರ್ಷ ಹುಡುಗರಿಗೆ ‘ಸೌಂಡು’ ಎಂದರೆ ಸದ್ದು ಎಂದು ತಿಳಿಯಿತು. ಮಗ್ಗದ ಸದ್ದಿನ ಬೀದಿಯಿಂದ ಬರುವ ಹುಡುಗ, ತಾಯಿಯ ಹೆಸರು ಸೌಂಡು! ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ. ಯಾರಾದರೂ ಕೇಳಿದರೆ ನಾನು ‘ಸೌಂದರಮ್ಮಾಳ್’ ಎನ್ನತೊಡಗಿದೆ. ಸೌಂದರ್ಯದ ಹೆಸರು, ನಗುವವರಿಲ್ಲ. ಮೊದಲು ಬಾಯಲ್ಲಿ ಹೇಳಿದ ಸುಳ್ಳು ಆಮೇಲೆ ಅಚ್ಚಿಗೂ ಏರಿತು. ನನ್ನ ಮದುವೆಯ ಕರೆಯೋಲೆಯಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಸೌಂದರಮ್ಮಾಳ್ ಎಂದೇ ಅಚ್ಚು ಹಾಕಿಸಿದೆ. ಅವ್ವನಿಗೆ ಓದು ಬಾರದು, ತಿಳಿಯುವುದಿಲ್ಲ ಎಂದುಕೊಂಡೆ. ಕರೆಯೋಲೆಗೆ ಅರಿಸಿನ ಹಚ್ಚಿದವಳು ಅವಳೇ. ಮುಂದೆ ಅವಳ ಹೆಸರಿಗೆ ನಿವೇಶನ ಕೊಂಡಾಗಲೂ ಪತ್ರದಲ್ಲಿ ಅದೇ ಹೆಸರು ಬಿತ್ತು. ಅಷ್ಟರಲ್ಲಿ ನನಗೇ ಅದು ನಿಜವೆನಿಸಿತ್ತು.

ಇದನ್ನು ನಾನು ಮರಳಿ ನೋಡುವಂತೆ ಮಾಡಿದ್ದು ದೂರದೇಶದ ಒಂದು ಹೆಸರು.

1990ರ ದಶಕದಲ್ಲಿ ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ತಿರುಪ್ಪೂರು ಆಗ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆಯಾದದ್ದು 2009ರಲ್ಲಿ. ನಮ್ಮ ಮಾಲು ಯೂರೋಪಿಗೆ ಹೋಗುತ್ತಿತ್ತು. ಫಿನ್ಲೆಂಡಿನಿಂದ ಮಾಲು ಪರೀಕ್ಷಿಸಲು ಒಬ್ಬರು ಬರುತ್ತಾರೆಂದೂ ಹೆಸರು ಪಿರ್ಕೊ ಎಂದೂ ಫ್ಯಾಕ್ಸ್ ಬಂತು. ಓಕಾರದಲ್ಲಿ ಮುಗಿಯುವ ಹೆಸರು ಗಂಡಸಿನದೇ ಇರಬೇಕೆಂದು ನಾನು ‘ಶ್ರೀಯುತ’ ಎಂದು ಒಕ್ಕಣೆ ಹಾಕಿ ಉತ್ತರ ಕಳಿಸಿದೆ. ಬಂದಿಳಿದವರು ಐವತ್ತರ ಆಸುಪಾಸಿನ ಹೆಂಗಸು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಹೊಲಿಗೆ ಯಂತ್ರಗಳೆಲ್ಲ ನಿಂತವು. ಕೆಲಸವಿಲ್ಲದೆ ಕುಳಿತಾಗ ನಾನು ಆ ‘ಶ್ರೀಯುತ’ಕ್ಕೆ ಕ್ಷಮೆ ಕೇಳಿದೆ. ಆಕೆ ನಕ್ಕು, ತಮ್ಮ ಭಾಷೆಯಲ್ಲಿ ‘ಅವನು’, ‘ಅವಳು’ ಎಂಬ ಭೇದವೇ ಇಲ್ಲ, ಎರಡಕ್ಕೂ ‘ಹೆನ್’ ಎಂಬಂಥ ಒಂದೇ ಮಾತು, ಆದ್ದರಿಂದ ಸಿಟ್ಟಿಲ್ಲ ಎಂದರು. ಹೆಸರಿನ ಅರ್ಥ ಕೇಳಿದೆ. ಅದು ಬಿರ್ಗಿಟ್ಟಾ ಎಂಬ ಹೆಸರಿನ ಫಿನ್ನಿಶ್ ರೂಪವಂತೆ. ಬಿರ್ಗಿಟ್ಟಾ ಸ್ವೀಡನ್ನಿನ ಸಂತಳು. 1303ರಲ್ಲಿ ಹುಟ್ಟಿ 1373ರಲ್ಲಿ ತೀರಿಕೊಂಡವಳು. 1391ರಲ್ಲಿ ಸಂತಪದವಿ ಪಡೆದವಳು. ಆಕೆಯ ಹೆಸರು ಐರ್ಲೆಂಡಿನ ಬ್ರಿಜಿಡ್ ಎಂಬ ಇನ್ನೂ ಹಳೆಯ ಹೆಸರಿನಿಂದ ಬಂದದ್ದು. ‘ಉನ್ನತಳು’ ಎಂದು ಅರ್ಥ.

“ಬಿರ್ಗಿಟ್ಟಾ ಪಿರ್ಕೊ ಹೇಗಾಯಿತು?” ಎಂದೆ.

“ನಮ್ಮ ಹಿಂದಿನವರ ನಾಲಿಗೆಗೆ ಬಕಾರವೂ ಗಕಾರವೂ ಬರುತ್ತಿರಲಿಲ್ಲ. ಬಕಾರ ಪಕಾರವಾಯಿತು. ಒಂದೊಂದು ಊರಿನಲ್ಲಿ ಒಂದೊಂದು ಬಗೆ: ಪಿರಿಟ್ಟಾ, ಪಿರ್ಯೊ, ಪಿರ್ಕೊ, ರೀಟ್ಟಾ. ಎಲ್ಲವೂ ಒಬ್ಬಳೇ ಬಿರ್ಗಿಟ್ಟಾ.”

ಫಿನ್ಲೆಂಡು 1809ರವರೆಗೆ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಚರ್ಚಿನ ಪುಸ್ತಕಗಳನ್ನು ಬರೆಯುವ ಪಾದ್ರಿಗಳದು ಸ್ವೀಡಿಷ್ ಬರವಣಿಗೆ. ಮನೆಯಲ್ಲಿ ಏನೇ ಕರೆಯಲಿ, ಪುಸ್ತಕದಲ್ಲಿ ಸ್ವೀಡಿಷ್ ರೂಪವೇ ಬೀಳುತ್ತಿತ್ತು. ಆಮೇಲೆ ಫಿನ್ನಿಶ್ ನುಡಿಗೆ ಮಾನ ಬಂದಾಗ ಮನೆಯ ಹೆಸರುಗಳೇ ಪುಸ್ತಕಕ್ಕೂ ಏರಿದವು. ಅಲ್ಲಿನ ಪಂಚಾಂಗದಲ್ಲಿ ದಿನಕ್ಕಿಷ್ಟು ಹೆಸರುಗಳಿರುತ್ತವೆ. ಅಕ್ಟೋಬರ್ 7 ಬಿರ್ಗಿಟ್ಟಾ ಮತ್ತು ಆಕೆಯ ಮಕ್ಕಳಂತಿರುವ ಈ ಪಿರ್ಕೊ, ಪಿರ್ಯೊಗಳ ದಿನ. ಇವತ್ತು ಆ ದೇಶದಲ್ಲಿ ಸ್ವೀಡಿಷ್ ಮನೆಮಾತಿನವರು ನೂರಕ್ಕೆ ಐದರಷ್ಟು ಮಾತ್ರ. ಆದರೂ ಸ್ವೀಡಿಷ್ ಅಲ್ಲಿ ಫಿನ್ನಿಶ್ ಜೊತೆಗೆ ರಾಷ್ಟ್ರಭಾಷೆ. ಅಲ್ಪಸಂಖ್ಯಾತರಾದ ನಮಗೆ ಇದು ಕಿವಿ ನಿಮಿರಿಸುವ ಸುದ್ದಿ.

“ಪಿರ್ಕೊ ಎಂದರೆ ತಪ್ಪಾಗಿ ಉಚ್ಚರಿಸಿದ ಬಿರ್ಗಿಟ್ಟಾ ಎಂದ ಹಾಗಾಯಿತಲ್ಲ?” ಎಂದು ನಾನು ತುಸು ಕೆಣಕಿದೆ.

“ನನ್ನ ಅಜ್ಜಿಯೂ ಪಿರ್ಕೊ. ಅವಳು ತಪ್ಪೇ?” ಎಂದು ಆಕೆ ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮ ತಾಯಿಯ ಹೆಸರೇನು?” ಎಂದರು.

ಸೌಂದರಮ್ಮಾಳ್ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ. “ಚೌಡಮ್ಮ” ಎಂದೆ. ಎಷ್ಟೋ ವರ್ಷಗಳ ಮೇಲೆ ಹೊರಗಿನವರ ಎದುರು ಆ ಹೆಸರನ್ನು ಚಕಾರದಿಂದಲೇ ಹೇಳಿದ್ದೆ. ಆಕೆ ಎರಡು ಸಲ ಹೇಳಿ ನೋಡಿದರು. ಚಕಾರ ಅವರಿಗೂ ಸರಿಯಾಗಿ ಬರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು.

ಆಮೇಲೆ ಈ ಹೆಸರಿನ ಜಾಡು ಹಿಡಿಯುವ ಹುಚ್ಚು ನನಗೆ ಹತ್ತಿತು. ಕೊಳ್ಳೇಗಾಲದ ನಂಟು ಅದಕ್ಕೆ ನೆರವಾಯಿತು. ಚೂಡದ ಕಥೆ ನಮ್ಮ ಹಿರಿಯರದು, ಅದನ್ನು ಬಿಟ್ಟುಕೊಡಲಾರೆ. ಆದರೆ ನುಡಿಯ ಹಾದಿ ಹಿಡಿದವರು ಇನ್ನೊಂದನ್ನು ಹೇಳುತ್ತಾರೆ: ಚಾಮುಂಡಿ ಎಂಬುದೇ ಚವುಂಡಿ, ಚೌಂಡಿ, ಚೌಡಿ ಆಯಿತು. ದೇವೀಮಾಹಾತ್ಮ್ಯದಲ್ಲಿ ಚಂಡ, ಮುಂಡ ಎಂಬ ಅಸುರರ ತಲೆಗಳನ್ನು ತಂದೊಪ್ಪಿಸಿದ ಕಾಳಿಗೆ ಚಾಮುಂಡಾ ಎಂಬ ಹೆಸರು ಬಂದದ್ದು ಎಲ್ಲರೂ ಬಲ್ಲ ಕಥೆ. ಮಲೆನಾಡಿನಲ್ಲಿ ಊರು ಕಾಯುವ ಚೌಡಿ, ಮೈಸೂರಿನ ಬೆಟ್ಟದ ಚಾಮುಂಡಿ, ನಮ್ಮ ಮಗ್ಗದ ಮನೆಯ ಚೌಡಮ್ಮ ಒಂದೇ ಹೆಸರಿನ ಮೂರು ಉಚ್ಚಾರ. ನಿಮ್ಮ ಕಾಸರಗೋಡಿನ ಕಡೆ ರಕ್ತಚಾಮುಂಡಿಯ ತೆಯ್ಯಂ ಕಟ್ಟುವ, ಪಿಲಿಚಾಮುಂಡಿಗೆ ಕೋಲ ಕೊಡುವ ಮನೆಗಳವರು ನಮ್ಮ ಚೌಡಮ್ಮನಿಗೆ ಹೊರಗಿನವರಲ್ಲ.

ಮಕಾರ ವಕಾರವಾಗುವುದು ನಮ್ಮ ನುಡಿಯಲ್ಲಿ ಹೊಸತಲ್ಲ. ಕುಮಾರ ಕುವರನಾಗಲಿಲ್ಲವೆ? ಇದಕ್ಕಿಂತ ಹತ್ತಿರದ ಸಾಕ್ಷಿ ಅವ್ವನ ತಲೆಯ ಮೇಲೇ ಇತ್ತು. ಕೂದಲು ತೆಳ್ಳಗಾದ ಮೇಲೆ ಅವಳು ಜಡೆಗೆ ಚೌರಿ ಸೇರಿಸಿ ಹೆಣೆದುಕೊಳ್ಳುತ್ತಿದ್ದಳು. ಚಾಮರವೇ ಚವರಿ, ಚವರಿಯೇ ಚೌರಿ. ತಮಿಳರು ಅದನ್ನೇ ಸವುರಿ ಎನ್ನುತ್ತಾರೆ. ಚಾಮುಂಡಿ, ಚೌಂಡಿ, ಸೌಂಡಿ ನಡೆದದ್ದೂ ಅದೇ ಕಾಲುದಾರಿಯಲ್ಲಿ.

ಅಲ್ಲಿಗೆ ನನ್ನ ಎದೆ ಧಸಕ್ಕೆಂದಿತು. ಯಾವ ಸೊನ್ನೆಗಾಗಿ ನಾನು ನಾಚಿ ಅವ್ವನ ಹೆಸರನ್ನೇ ಬದಲಿಸಿದ್ದೆನೋ ಅದು ತಮಿಳರ ತಪ್ಪಾಗಿರಲಿಲ್ಲ. ಚಾಮುಂಡಿಯ ಒಡಲಲ್ಲಿದ್ದ ಅನುನಾಸಿಕ ಅದು. ಕನ್ನಡದವರಾದ ನಾವು ಚೌಡಿ ಎನ್ನುತ್ತ ಅದನ್ನು ಕಳೆದುಕೊಂಡೆವು. ಪಕ್ಕದ ಮನೆಯವರು ಸೌಂಡಮ್ಮ ಎನ್ನುತ್ತ ಕಾಪಾಡಿಟ್ಟಿದ್ದರು. ನಾವು ಮೊದಲಕ್ಷರ ಉಳಿಸಿಕೊಂಡೆವು, ಅವರು ನಡುವಿನ ಸೊನ್ನೆಯನ್ನು ಉಳಿಸಿಕೊಂಡರು. ಹೆಸರು ಇಡಿಯಾಗಿ ಬೇಕೆಂದರೆ ಎರಡು ಮನೆಯನ್ನೂ ಕೇಳಬೇಕು.

ಒಮ್ಮೆ ಶ್ರವಣಬೆಳಗೊಳಕ್ಕೆ ಹೋದಾಗ ಗೊಮ್ಮಟನ ಪಾದದ ಬಳಿಯ ಬರಹಗಳ ಮುಂದೆ ಬಹಳ ಹೊತ್ತು ನಿಂತೆ. ಕ್ರಿ.ಶ. 981ರ ಸುಮಾರಿಗೆ ಆ ಮೂರ್ತಿಯನ್ನು ನಿಲ್ಲಿಸಿದವನು ಗಂಗರ ಮಂತ್ರಿ ಚಾವುಂಡರಾಯ; 978ರಲ್ಲಿ ಕನ್ನಡದಲ್ಲಿ ಗದ್ಯ ಪುರಾಣ ಬರೆದವನೂ ಅವನೇ. ಮಾಡಿಸಿದವನು ಇವನೆಂಬ ಮಾತು ಅಲ್ಲಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ಕನ್ನಡ, ತಮಿಳು ಸಾಲುಗಳಲ್ಲಿ ಅವನು ಚಾಮುಂಡರಾಜ. ಮರಾಠಿ ಸಾಲಿನಲ್ಲಿ ಚಾವುಂಡರಾಜ. ಒಬ್ಬನೇ ಮನುಷ್ಯ, ಒಂದೇ ಕಲ್ಲು, ಎರಡು ಬಗೆಯ ಹೆಸರು. ಅಲ್ಲಿ ಯಾವ ನೋಟರಿಯೂ ಪ್ರಮಾಣಪತ್ರ ಕೇಳಿರಲಾರ.

ಪಿರ್ಕೊಳ ಹೆಸರನ್ನೂ ನಾನು ಬಿಡಲಿಲ್ಲ. ಬ್ರಿಜಿಡ್ ಎಂಬ ಹೆಸರಿನ ಬೇರೂ ನಮ್ಮ ‘ಬೃಹತ್’ ಎಂಬ ಮಾತಿನ ಬೇರೂ ಒಂದೇ ಎಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಅವಳು ಬೃಹತೀ, ಎತ್ತರದವಳು. ನಮ್ಮವಳು ಹಿರಿಯರ ಕಥೆಯಂತೆ ಚೂಡ ಧರಿಸಿದವಳು, ನೆತ್ತಿಯ ತುದಿಯವಳು. ನೂಲಿನ ಊರಿನಲ್ಲಿ ಕರೆಂಟು ಹೋದ ಒಂದು ಗಳಿಗೆಯಲ್ಲಿ ಈ ಇಬ್ಬರೂ ಎದುರಾದದ್ದು ನನ್ನ ಪುಣ್ಯ.

ಇದನ್ನೆಲ್ಲ ಅವ್ವನಿಗೆ ಹೇಳಲು ನನಗೆ ಧೈರ್ಯ ಬಂದದ್ದು ಬಹಳ ತಡವಾಗಿ. ಆಗಲೇ ಮಗ್ಗ ಬಿಚ್ಚಿಯಾಗಿತ್ತು. ಅಪ್ಪ ಇರಲಿಲ್ಲ. ಜಗಲಿಯ ಮೇಲೆ ಅವಳ ಪಕ್ಕ ಕುಳಿತು ಚಾಮುಂಡಿ, ಚಾವುಂಡರಾಯ, ಫಿನ್ಲೆಂಡಿನ ಹೆಂಗಸು ಎಲ್ಲ ಹೇಳಿದೆ. ಕೊನೆಗೆ ಕರೆಯೋಲೆಯ ವಿಷಯ ಹೇಳಿದೆ.

“ಗೊತ್ತಿತ್ತಪ್ಪ” ಎಂದಳು.

“ಯಾರು ಹೇಳಿದ್ರವ್ವ?”

“ನಿಮ್ ಚಿಕ್ಕವ್ವ ಓದಿ ಹೇಳಿದ್ಲು. ಹೆತ್ತವಳಿಗೆ ಮಗ ಹೆಸ್ರಿಟ್ಟವ್ನೆ ಅಂತ ಬೀದಿಯೋರೆಲ್ಲ ನಗಾಡಿದ್ರು.”

“ಒಂದು ಮಾತು ಕೇಳಬಾರದಾಗಿತ್ತಾ?”

“ಮದ್ವೆ ಮನೇಲಿ ಏನು ಕೇಳೋದು? ಸೌಂದ್ರ ಅನ್ನೋದು ಚೆಂದಾಗೇ ಐತಲ್ಲ ಅಂದ್ಕೊಂಡೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮವ್ವ ಇಟ್ಟ ಹೆಸ್ರು, ಒಂದ್ ಕಾಗದದಾಗೂ ಇಲ್ದಂಗಾಯ್ತು” ಎಂದಳು. ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ನಾಲ್ಕನೆಯ ಹೆಸರನ್ನು ಪ್ರಮಾಣಪತ್ರದಲ್ಲಿ ಸೇರಿಸಿದ್ದು ಇದಕ್ಕೇ. ಒಂದು ಕಾಗದದಲ್ಲಾದರೂ ಇರಲಿ ಎಂದು.

ಅವಳ ವರ್ಷದ ತಿಥಿಗೆ ಕರೆಯೋಲೆ ಅಚ್ಚು ಹಾಕಿಸಬೇಕಾಯಿತು. ಈ ಸಲ ಮೇಲಿನ ಸಾಲಿನಲ್ಲಿ ಕನ್ನಡದಲ್ಲಿ ಚೌಡಮ್ಮ, ಅದರ ಕೆಳಗೆ ತಮಿಳಿನಲ್ಲಿ ಸೌಂಡಮ್ಮಾಳ್ ಎಂದು ಬರೆದುಕೊಟ್ಟೆ. ಸೊನ್ನೆಯನ್ನು ಬೇಕೆಂದೇ ಉಳಿಸಿಕೊಂಡೆ. ಅಚ್ಚುಮನೆಯ ಹುಡುಗನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಇರಲಿಲ್ಲ. “ಐಯಾ, ನೀವೇ ದಪ್ಪಗೆ ಬರೆದುಕೊಡಿ, ಚಿತ್ರದ ಹಾಗೆ ಹಾಕಿಬಿಡುತ್ತೇನೆ” ಎಂದ. ಬರೆದುಕೊಟ್ಟೆ. ಕೈ ನಡುಗಿ ಒತ್ತಕ್ಷರ ಸ್ವಲ್ಪ ಸೊಟ್ಟಗಾಯಿತು. ಹಾಗೆಯೇ ಅಚ್ಚಾಯಿತು.

ಮನೆಗೆ ತಂದ ಕಟ್ಟನ್ನು ಬಿಚ್ಚಿದವಳು ನನ್ನ ಮೊಮ್ಮಗಳು. ನಾಲ್ಕನೆಯ ಇಯತ್ತೆಯ ಹುಡುಗಿ. ನಮ್ಮೊಡನೆ ಕನ್ನಡ ಆಡುತ್ತಾಳೆ. ಓದುವುದು ತಮಿಳು, ಇಂಗ್ಲಿಷ್. ಮೇಲಿನ ಸಾಲನ್ನು ಬೆರಳಿನಿಂದ ಸವರಿ, “ತಾತಾ, ಇದೇನು ಕೋಲಮಾ?” ಎಂದು ಕೇಳಿದಳು. ಬಾಗಿಲ ಮುಂದಿನ ರಂಗೋಲಿ ಎಂದುಕೊಂಡಿದ್ದಳು ಮಗು.

ತಪ್ಪು ಅವಳದಲ್ಲ. ಕೊಳ್ಳೇಗಾಲದ ಸ್ಲೇಟಿನಲ್ಲಿ ನನಗೆ ಸಿಕ್ಕಿದ್ದನ್ನು ನಾನು ನನ್ನ ಮಗಳಿಗೇ ದಾಟಿಸಿರಲಿಲ್ಲ; ಅವಳು ತನ್ನ ಮಗಳಿಗೆ ಹೇಗೆ ಕಲಿಸಿಯಾಳು? ಅವ್ವನ ಹೆಸರನ್ನು ತಿದ್ದುವ ಗಡಿಬಿಡಿಯಲ್ಲಿ ಅದನ್ನು ಓದುವ ಕಣ್ಣುಗಳನ್ನು ಮಾಡಿಡಲು ಮರೆತಿದ್ದೆ.

ಕರೆಯೋಲೆಯ ಹಿಂಬದಿ ಖಾಲಿಯಿತ್ತು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೆನ್ಸಿಲಿನಿಂದ ದೊಡ್ಡದಾಗಿ ಒಂದು ‘ಚ’ ಬರೆದೆ. “ಇದು ಕೋಲ ಅಲ್ಲ ಕಂದಾ, ನಿನ್ನ ಮುತ್ತಜ್ಜಿ. ಅವಳ ಮೊದಲಕ್ಷರ” ಎಂದೆ. ಅವಳು ಅದರ ಮೇಲೆ ತಿದ್ದಿದಳು. ಮೊದಲ ಸಲ ಅಡ್ಡಾದಿಡ್ಡಿ, ಎರಡನೆಯ ಸಲ ಸುಮಾರು. ಆ ಸಂಜೆ ಹನ್ನೆರಡು ಕರೆಯೋಲೆಗಳು ಕೆಟ್ಟವು. ನೆಂಟರ ಪಟ್ಟಿಯಲ್ಲಿ ಹನ್ನೆರಡು ಮನೆಗಳಿಗೆ ನಾನೇ ಹೋಗಿ ಬಾಯಿಮಾತಿನಲ್ಲಿ ಕರೆದು ಬಂದೆ, ‘ಚೌಡಮ್ಮನ ತಿಥಿಗೆ ಬನ್ನಿ’ ಎಂದು.